ಕೃತಕ ಕಾಲು ಕೊಟ್ಟರೆ ಸಾಲದು, ನಡೆಯೋದನ್ನೂ ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಉಚಿತ ಕೃತಕ ಕಾಲು ಜೋಡಣೆ ಶಿಬಿರದ ಫೋಟೊ. ಹಿಂದೆ ಬ್ಯಾನರು, ವೇದಿಕೆ ಮೇಲೆ ದೊಡ್ಡವರು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹದಿನೈದು ಇಪ್ಪತ್ತು ಜನ, ಎಲ್ಲರ ತೊಡೆ ಮೇಲೂ ಒಂದೊಂದು ಹೊಸ ಕಾಲು. ಆ ಫೋಟೊವನ್ನು ನಾನು ತುಂಬಾ ಹೊತ್ತು ನೋಡಿದೆ. ಬೇರೆಯವರು ಫೋಟೊದಲ್ಲಿ ಮೊದಲು ಮುಖ ನೋಡ್ತಾರೆ, ನನಗೆ ನಾಲ್ಕು ವರ್ಷದಿಂದ ಮೊದಲು ಕಾಲೇ ಕಣ್ಣಿಗೆ ಬೀಳೋದು. ಅಷ್ಟು ಜನರಲ್ಲಿ ಒಬ್ಬರೂ ಎದ್ದು ನಿಂತಿರಲಿಲ್ಲ.

ಶಿಬಿರ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಖರ್ಚು ಮಾಡಿ, ಊಟ ಹಾಕಿ, ಬಡವರಿಗೆ ಕಾಲು ಕೊಡೋದು ಸಣ್ಣ ಮಾತಲ್ಲ. ನನಗೆ ಮೊದಲ ಕಾಲು ಸಿಕ್ಕಿದ್ದೂ ಅಂಥದ್ದೇ ಶಿಬಿರದಲ್ಲಿ. ಆದರೆ ಕಾಲು ಕೈಗೆ ಬಂದ ಮೇಲೆ ಏನಾಗುತ್ತೆ ಅನ್ನೋದು ಪೇಪರಿನಲ್ಲಿ ಬರೋದೇ ಇಲ್ಲ, ಅದಕ್ಕೇ ಈ ಪತ್ರ.

ನಾನು ದಾವಣಗೆರೆಯವಳು, ಟೈಲರ್. ಬ್ಲೌಸ್, ಚೂಡಿದಾರ್, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ನಾಲ್ಕು ವರ್ಷದ ಹಿಂದೆ ಹರಿಹರದಲ್ಲಿ ಒಂದು ಮದುವೆ ಮುಗಿಸಿಕೊಂಡು ನಮ್ಮ ಮನೆಯವರ ಬೈಕಿನ ಹಿಂದೆ ಕೂತು ಬರುತ್ತಿದ್ದೆ, ಲಾರಿ ತಗುಲಿತು. ಅವರಿಗೆ ಕೈ ಮುರಿದು ಸರಿಹೋಯ್ತು. ನನ್ನ ಎಡಗಾಲು ಉಳಿಯಲಿಲ್ಲ, ಮಂಡಿಯ ಕೆಳಗೆ ಒಂದು ಗೇಣು ಬಿಟ್ಟು ತೆಗೆದರು. ಆಪರೇಷನ್‌ಗೆ ಮುಂಚೆ ಆ ಕಾಲಿನ ಕಾಲುಂಗುರ ಬಿಚ್ಚಿ ಕಾಗದದಲ್ಲಿ ಸುತ್ತಿ ನಮ್ಮತ್ತೆ ಕೈಗೆ ಕೊಟ್ಟಿದ್ದರಂತೆ. ಅತ್ತೆ ಅದನ್ನು ಸೀರೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಒಂದು ತಿಂಗಳು ಓಡಾಡಿದ್ದರು, ನನಗೆ ತೋರಿಸಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಾತ್ರೆ ಚೀಟಿ ಕೊಟ್ಟರು, ಹೊಲಿಗೆ ಬಿಚ್ಚೋಕೆ ಬನ್ನಿ ಅಂದರು, ಅಷ್ಟೇ. ಯಾವ ಆಸ್ಪತ್ರೆ ಅಂತ ಬರೆಯೋದಿಲ್ಲ, ಎಷ್ಟೋ ಕಡೆ ಹೀಗೇ ಅಂತ ಆಮೇಲೆ ಗೊತ್ತಾಯ್ತು. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ನೋಡಿಕೊಂಡರು. ಮಂಡಿ ಕೆಳಗೆ ದಿಂಬು ಇಟ್ಟು, ಕಾಲು ಮಡಚಿ ಆರಾಮಾಗಿ ಮಲಗಿಸಿದರು. ಆ ದಿಂಬೇ ನನಗೆ ಮುಳುವಾಯ್ತು. ಎರಡು ತಿಂಗಳಲ್ಲಿ ಮಂಡಿ ಮಡಚಿದ ಹಾಗೇ ಬಿಗಿದುಕೊಂಡಿತು. ಮಂಡಿ ನೆಟ್ಟಗಾಗದಿದ್ದರೆ ಕೃತಕ ಕಾಲು ಹಾಕಿಕೊಂಡು ಸರಿಯಾಗಿ ನಡೆಯೋಕಾಗಲ್ಲ. ಇದನ್ನು ಡಿಸ್ಚಾರ್ಜ್ ದಿನವೇ ಒಬ್ಬರು ಒಂದು ನಿಮಿಷ ನಿಂತು ಹೇಳಿದ್ದರೆ ನನಗೆ ಮೂರು ತಿಂಗಳು ಉಳಿಯುತ್ತಿತ್ತು. ದಿಂಬು ಇಡಬೇಡಿ, ಕಾಲು ಮಂಚದಿಂದ ಇಳಿಬಿಟ್ಟು ತುಂಬಾ ಹೊತ್ತು ಕೂರಬೇಡಿ, ದಿನಕ್ಕೆರಡು ಸಲ ಬೋರಲು ಮಲಗಿ. ಇಷ್ಟೇ ಮಾತು. ಓದುವವರ ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಕಾಲು ತೆಗೆದಿದ್ದರೆ ದಯವಿಟ್ಟು ಈಗಲೇ ಹೋಗಿ ದಿಂಬು ತೆಗೆಯಿರಿ.

ಇನ್ನೊಂದು ವಿಷಯ. ಕಾಲು ಹೋದ ಮೇಲೂ ಕಾಲು ಇದೆ ಅಂತಲೇ ಅನಿಸುತ್ತೆ. ಇಲ್ಲದ ಹೆಬ್ಬೆರಳು ತುರಿಸುತ್ತೆ, ಇಲ್ಲದ ಪಾದ ಉರಿಯುತ್ತೆ. ಡಾಕ್ಟರುಗಳು ಇದಕ್ಕೆ ಫ್ಯಾಂಟಮ್ ಪೇನ್ ಅಂತಾರೆ, ಹುಚ್ಚಲ್ಲ, ಕಾಲು ಕಳಕೊಂಡವರಲ್ಲಿ ಬಹಳ ಜನಕ್ಕೆ ಬರುತ್ತೆ. ನನಗೆ ಅದು ಗೊತ್ತಿರಲಿಲ್ಲ, ಯಾರಿಗೂ ಹೇಳದೆ ರಾತ್ರಿಯೆಲ್ಲಾ ಅಳುತ್ತಿದ್ದೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಬಚ್ಚಲಿಗೆ ಹೋಗೋಣ ಅಂತ ಎರಡೂ ಕಾಲು ಊರೋಕೆ ಹೋಗಿ, ಎಡಗಾಲು ಇಲ್ಲ ಅನ್ನೋದೇ ಮರೆತು, ನೇರ ನೆಲಕ್ಕೆ ಬಿದ್ದೆ. ಆವಾಗಿನಿಂದ ಮಂಚದ ಪಕ್ಕ ಒಂದು ಕುರ್ಚಿ ಇಟ್ಟಿರುತ್ತೇವೆ, ಎದ್ದ ತಕ್ಷಣ ಕೈಗೆ ಸಿಗಲಿ ಅಂತ.

ಶಿಬಿರದಲ್ಲಿ ಒಂದೇ ದಿನ ಬೆಳಿಗ್ಗೆ ಅಳತೆ ತಗೊಂಡು ಸಂಜೆ ಕಾಲು ಕೊಟ್ಟರು. ಜೈಪುರ ಕಾಲು. ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿ ಮತ್ತು ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ್ದು. ಡಾಕ್ಟರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ನಾನೂ ಕೈಕೆಲಸದವಳೇ ಆದ್ದರಿಂದ ಆ ಶರ್ಮ ಅವರನ್ನು ನೆನೆಸಿಕೊಂಡರೆ ಏನೋ ಹೆಮ್ಮೆ. ವಿದೇಶಿ ಕಾಲುಗಳು ಬೂಟು ಹಾಕಿ ನಡೆಯುವವರಿಗೆ ಮಾಡಿದ್ದು, ಇವರು ಮಾಡಿದ್ದು ಬರಿಗಾಲಲ್ಲಿ ಓಡಾಡೋ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರೋ, ಕೆಸರುಗದ್ದೆಗೆ ಇಳಿಯೋ ನಮ್ಮಂಥವರಿಗೆ. ಭದ್ರಾ ನಾಲೆ ನೀರಿನ ಗದ್ದೆ ಬದುವಿನ ಮೇಲೆ ಈ ಕಾಲಲ್ಲಿ ನಡೆಯೋ ರೈತರನ್ನು ನಾನೇ ನೋಡಿದ್ದೇನೆ. ಕಾಲು ಒಳ್ಳೆಯದೇ. ಪಾದ ಎಷ್ಟೇ ಒಳ್ಳೆಯದಿದ್ದರೂ ಮೇಲೆ ನಮ್ಮ ಮೊಂಡುಗಾಲು ಕೂರೋ ಸಾಕೆಟ್ ಸರಿಯಿಲ್ಲದಿದ್ದರೆ ಅದು ಬರೀ ಭಾರ.

ಇದನ್ನು ನಾನು ಟೈಲರ್ ಆಗಿಯೇ ಹೇಳಬೇಕು. ಒಂದು ಮದುವೆ ಬ್ಲೌಸಿಗೆ ನಾವು ಎಷ್ಟು ಸಲ ಟ್ರಯಲ್ ನೋಡ್ತೀವಿ? ಕನಿಷ್ಠ ಎರಡು ಸಲ. ಆಮೇಲೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀವಿ, ದಪ್ಪ ಆದರೆ ಬಿಚ್ಚೋಕೆ, ಸಣ್ಣ ಆದರೆ ಹಿಡಿಯೋಕೆ. ಮೈ ಒಂದೇ ಸಮ ಇರಲ್ಲ ಅನ್ನೋದು ಟೈಲರಿಗೆ ಗೊತ್ತು. ಆಪರೇಷನ್ ಆದ ಕಾಲಂತೂ ಮೊದಲ ಒಂದು ವರ್ಷ ದಿನಾ ಬದಲಾಗ್ತಾ ಇರುತ್ತೆ, ಊತ ಇಳಿಯುತ್ತೆ, ಮಾಂಸ ಕರಗುತ್ತೆ. ಬೆಳಿಗ್ಗೆ ಇದ್ದ ಅಳತೆ ಸಂಜೆಗೆ ಇರಲ್ಲ. ಸಾಕೆಟ್ ಗಟ್ಟಿ ಪ್ಲಾಸ್ಟಿಕ್, ಅದಕ್ಕೆ ಹೊಲಿಗೆ ಬಿಚ್ಚೋ ಹಾಗಿಲ್ಲ. ಇಂಥ ಕಾಲಿಗೆ ಒಂದೇ ದಿನದ ಅಳತೆ, ಒಂದೇ ಟ್ರಯಲ್, ಮುಗೀತು ಅಂದರೆ ಹೇಗೆ ಅಲ್ವಾ?

ನನಗೆ ಆಗಿದ್ದೂ ಅದೇ. ಎರಡನೇ ತಿಂಗಳಿಗೆ ಕಾಲು ಸಾಕೆಟ್ಟಿನೊಳಗೆ ಕುಸಿಯೋಕೆ ಶುರುವಾಯ್ತು. ಮಂಡಿ ಕೆಳಗೆ ತೆಗೆದವರಿಗೆ ಭಾರ ಮೊಂಡಿನ ತುದಿ ಮೇಲೆ ಬೀಳಬಾರದು. ಮಂಡಿಚಿಪ್ಪಿನ ಕೆಳಗೆ ಕೈಯಿಟ್ಟು ನೋಡಿ, ಒಂದು ಗಟ್ಟಿ ಪಟ್ಟಿ ಸಿಗುತ್ತೆ, ಭಾರದಲ್ಲಿ ದೊಡ್ಡ ಪಾಲು ಅದರ ಮೇಲೆ ಕೂರಬೇಕು. ಕಾಲು ಕರಗಿ ಒಳಗೆ ಇಳಿದರೆ ತುದಿ ಹೋಗಿ ತಳಕ್ಕೆ ಬಡಿಯುತ್ತೆ. ನನಗೆ ಅಲ್ಲೇ ಹುಣ್ಣಾಯ್ತು. ಕಾಲಿಗೇ ನಾನು ಒಗ್ಗಿಲ್ಲ ಅಂದುಕೊಂಡು ಹಲ್ಲು ಕಚ್ಚಿ ನಡೆದೆ. ಇದರ ಮದ್ದು ಎಷ್ಟು ಸುಲಭ ಗೊತ್ತಾ? ಹತ್ತಿಯ ಕಾಲ್ಚೀಲ. ಮೊಂಡಿಗೆ ಅಂತಲೇ ಮಾಡಿದ ಕಾಲ್ಚೀಲ ಬರುತ್ತೆ, ಸಡಿಲ ಅನಿಸಿದಾಗ ಒಂದರ ಮೇಲೊಂದು ಹಾಕಿಕೊಳ್ಳೋದು. ಈಗ ನಾನು ಬೆಳಿಗ್ಗೆ ಒಂದು ಹಾಕ್ತೀನಿ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು. ಕಾಲ್ಚೀಲ ಜಾಸ್ತಿ ಆಗ್ತಾ ಹೋದರೆ ಸಾಕೆಟ್ ಬದಲಿಸೋ ಕಾಲ ಬಂತು ಅಂತ ಅರ್ಥ. ಶಿಬಿರದಲ್ಲಿ ಕಾಲಿನ ಜೊತೆ ಒಂದೇ ಒಂದು ಕಾಲ್ಚೀಲ ಕೊಟ್ಟಿದ್ದರು, ಯಾಕೆ ಅಂತ ಹೇಳಿರಲಿಲ್ಲ.

ಹುಣ್ಣು ಜಾಸ್ತಿಯಾದ ಮೇಲೆ ಪರಿಚಯದವರೊಬ್ಬರು ಫಿಸಿಯೋಥೆರಪಿಗೆ ಹೋಗು ಅಂದರು. ಅಲ್ಲಿ ಒಬ್ಬ ಹುಡುಗಿ ಇದ್ದಳು, ಇನ್ನೂ ಚಿಕ್ಕವಳು, ನನ್ನನ್ನು ಅಕ್ಕಾ ಅಂತಿದ್ದಳು. ನಾನು ನಡೆಯೋಕೆ ಕಲಿತಿದ್ದು ಆಕೆಯಿಂದ. ಮೊದಲ ಮೂರು ವಾರ ಕಾಲು ಹಾಕೋಕೇ ಬಿಡಲಿಲ್ಲ. ಹುಣ್ಣು ಒಣಗಬೇಕು, ಮಂಡಿ ನೆಟ್ಟಗಾಗಬೇಕು ಅಂತ. ಕ್ರೇಪ್ ಬ್ಯಾಂಡೇಜನ್ನು ಬಳೆ ಥರ ಸುತ್ತಬಾರದು, ರಕ್ತ ನಿಲ್ಲುತ್ತೆ, ಓರೆಯಾಗಿ ಇಂಗ್ಲಿಷ್ ಎಂಟರ ಹಾಗೆ ಸುತ್ತಬೇಕು, ತುದಿಯಲ್ಲಿ ಬಿಗಿ, ಮೇಲೆ ಬರ್ತಾ ಸಡಿಲ ಅಂತ ಕೈ ಹಿಡಿದು ಕಲಿಸಿದಳು. ಬಟ್ಟೆ ಜೊತೆ ಬದುಕಿದ ಕೈ ನನ್ನದು, ಅದು ಬೇಗ ಬಂತು.

ಆಮೇಲೆ ಎರಡು ಕಂಬಿಗಳ ನಡುವೆ ನಿಲ್ಲಿಸಿದಳು. ಎರಡು ತೂಕದ ಮಷೀನು ತಂದಿಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಡಿ ಅಂದಳು. ನನ್ನ ತೂಕ ಐವತ್ತೆಂಟು ಕೆಜಿ. ಎಡಗಾಲಿನ ಮಷೀನು ತೋರಿಸಿದ್ದು ಎಂಟು! ನಾನು ಎರಡೂ ಕಾಲ ಮೇಲೆ ಸಮ ನಿಂತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅಷ್ಟು ದಿನ ನಾನು ಆ ಕಾಲನ್ನು ನಂಬಿಯೇ ಇರಲಿಲ್ಲ, ಸುಮ್ನೆ ಪಕ್ಕಕ್ಕೆ ಇಟ್ಟುಕೊಂಡು ಬಲಗಾಲಲ್ಲಿ ಬದುಕಿದ್ದೆ. ಅದಕ್ಕೇ ಬಲಮಂಡಿ, ಸೊಂಟ ಎಲ್ಲಾ ನೋವು. ದಿನಾ ಆ ಮಷೀನಿನ ಮೇಲೆ ನಿಂತು ಭಾರ ಎಡಕ್ಕೆ ಬಿಡೋದು, ಬಲಕ್ಕೆ ಬಿಡೋದು. ಹನ್ನೆರಡಾಯ್ತು, ಹದಿನೆಂಟಾಯ್ತು. ಇಪ್ಪತ್ತೆಂಟು ತೋರಿಸಿದ ದಿನ ಆ ಹುಡುಗಿ ಚಪ್ಪಾಳೆ ತಟ್ಟಿದಳು, ನನಗೆ ಅಳು ಬಂತು. ಅದಾದ ಮೇಲೆಯೇ ಮೊದಲ ಹೆಜ್ಜೆ.

ನಡೆಯುವಾಗ ಕೆಳಗೆ ನೋಡಬೇಡಿ, ಎದುರಿನ ಕನ್ನಡಿ ನೋಡಿ ಅಂತಿದ್ದಳು. ಕೆಳಗೆ ನೋಡದಿದ್ದರೆ ಕಾಲು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಆ ಪಾದಕ್ಕೆ ನೆಲ ಗೊತ್ತಾಗಲ್ಲ. ಆಗ ಆಕೆ, ಅಕ್ಕಾ, ಕಿವಿಯಲ್ಲಿ ಕೇಳಿ ಅಂದಳು. ಟಪ್, ಟಪ್ ಅಂತ ಒಂದೇ ಅಂತರದಲ್ಲಿ ಶಬ್ದ ಬರಬೇಕು, ಟಪ್ ಟಟಪ್ ಅಂತ ಬಂದರೆ ಒಂದು ಹೆಜ್ಜೆ ಗಿಡ್ಡ ಆಗಿದೆ ಅಂತ. ಅದು ನನಗೆ ಥಟ್ಟನೆ ಅರ್ಥವಾಯ್ತು. ಹೊಲಿಗೆ ಮಷೀನು ಸರಿಯಿದೆಯೋ ಇಲ್ಲವೋ ಅಂತ ನಾವು ಕಣ್ಣಿಂದ ನೋಡಲ್ಲ, ಶಬ್ದದಲ್ಲೇ ತಿಳಿಯುತ್ತೆ. ಇವತ್ತಿಗೂ ನಾನು ಹಾಗೇ ಕೇಳಿಸಿಕೊಂಡೇ ನಡೆಯೋದು.

ಮನೆಯೊಳಗಿನ ಕಲಿಕೆ ಬೇರೆಯೇ. ಹೊಸ್ತಿಲು ದಾಟೋದು, ಒದ್ದೆ ಬಚ್ಚಲು, ರೊಟ್ಟಿ ತಟ್ಟೋಕೆ ಅರ್ಧ ಗಂಟೆ ನಿಲ್ಲೋದು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಹಾಕಿಕೊಂಡ ಕಾಲು ಮೊದಲು, ಇದು ಒಂದು ಸಲ ತಲೆಗೆ ಹೋದರೆ ಬಸ್ಸಿನ ಮೆಟ್ಟಿಲಿಗೂ ಹೆದರಬೇಕಿಲ್ಲ. ಚಪ್ಪಲಿಯದ್ದು ಇನ್ನೊಂದು ಕಥೆ. ಹಬ್ಬಕ್ಕೆ ಅಂತ ಸ್ವಲ್ಪ ಹಿಮ್ಮಡಿ ಎತ್ತರದ ಚಪ್ಪಲಿ ತಗೊಂಡೆ, ಒಂದು ಬೆರಳು ಎತ್ತರ ಇರಬಹುದು. ಹಾಕಿಕೊಂಡರೆ ಯಾರೋ ಹಿಂದಿನಿಂದ ಮಂಡಿಗೆ ಗುದ್ದಿ ಮುಂದಕ್ಕೆ ತಳ್ಳಿದ ಹಾಗೆ! ಕೃತಕ ಕಾಲನ್ನು ಒಂದು ಚಪ್ಪಲಿಯ ಎತ್ತರಕ್ಕೆ ಅಂತ ನಿಲ್ಲಿಸಿರುತ್ತಾರೆ, ಚಪ್ಪಲಿ ಬದಲಾದರೆ ಲೆಕ್ಕವೇ ತಪ್ಪುತ್ತೆ. ಅದಕ್ಕೆ ಅಳತೆಗೆ ಹೋಗುವಾಗ ದಿನಾ ಹಾಕೋ ಚಪ್ಪಲಿ ತಗೊಂಡೇ ಹೋಗಬೇಕು. ಇದೂ ನನಗೆ ಎರಡನೇ ಸಾಕೆಟ್ ಮಾಡಿಸುವಾಗಲೇ ತಿಳಿದಿದ್ದು.

ಕಾಲು ಹೋದ ಹತ್ತನೇ ತಿಂಗಳಿಗೆ ಅಂಗಡಿ ಮತ್ತೆ ತೆಗೆದೆ. ತುಳಿಯೋ ಮಷೀನಿಗೆ ಮೋಟಾರು ಹಾಕಿಸಿಕೊಂಡು ಬಲಗಾಲಲ್ಲಿ ಒತ್ತುತ್ತೇನೆ. ಭಾನುವಾರ ಕುಂದವಾಡ ಕೆರೆ ಏರಿ ಮೇಲೆ ನಮ್ಮ ಮನೆಯವರ ಜೊತೆ ನಡೆಯುತ್ತೇನೆ, ಕೋಲಿಲ್ಲದೆ. ಬೇರೆಯವರಿಗಿಂತ ಬೇಗ ಸುಸ್ತಾಗುತ್ತೆ, ನಡುವೆ ಕೂರ್ತೀನಿ. ಸೀರೆ ಉಟ್ಟರೆ ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ.

ನಾನು ನಡೆದೆ ಅಂತ ಹೇಳಿಕೊಳ್ಳೋಕೆ ಇದನ್ನೆಲ್ಲಾ ಬರೆದಿದ್ದಲ್ಲ. ಹೋದ ತಿಂಗಳು ಜಗಳೂರು ಕಡೆಯ ಒಂದು ಹಳ್ಳಿಗೆ ಸಂಬಂಧಿಕರ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ, ಸಕ್ಕರೆ ಕಾಯಿಲೆಯಿಂದ ಬಲಗಾಲು ಹೋಗಿದೆ. ಚಪ್ಪಲಿ ಕಚ್ಚಿ ಸಣ್ಣ ಗಾಯ ಆಗಿತ್ತಂತೆ, ಕಾಲಲ್ಲಿ ಸ್ಪರ್ಶವೇ ಇಲ್ಲದ್ದರಿಂದ ನೋವೂ ಗೊತ್ತಾಗಿಲ್ಲ, ನೋಡುವಷ್ಟರಲ್ಲಿ ಕೊಳೆತಿತ್ತು. ಪಡಸಾಲೆಯಲ್ಲಿ ಕೂತಿದ್ದರು. ತಲೆ ಮೇಲೆ ಗೋಡೆ ಗೂಟಕ್ಕೆ ಹಳೇ ಕೊಡೆ, ಒಂದು ಹಗ್ಗ, ಅದರ ಪಕ್ಕ ಒಂದು ಜೈಪುರ ಕಾಲು ನೇತು ಹಾಕಿದ್ದರು. ಧೂಳು ಹಿಡಿದಿತ್ತು, ಸಾಕೆಟ್ಟಿನೊಳಗೆ ಜೇಡರ ಬಲೆ. ಎರಡು ವರ್ಷದ ಹಿಂದೆ ಶಿಬಿರದಲ್ಲಿ ಕೊಟ್ಟಿದ್ದಂತೆ. ಹಾಕಿಕೊಂಡಿದ್ದು ನಾಲ್ಕೈದು ದಿನ. ಹುಣ್ಣಾಯ್ತು, ಬಿಚ್ಚಿಟ್ಟರು. ಅದು ನನ್ನ ಕಾಲಲ್ಲ ಬಿಡವ್ವಾ, ಗೂಟದ್ದು ಅಂದರು. ನನ್ನ ಸೀರೆ ಸ್ವಲ್ಪ ಮೇಲೆತ್ತಿ ನನ್ನ ಕಾಲು ತೋರಿಸಿದೆ. ಅಜ್ಜ ಬಗ್ಗಿ, ಪಾದದಿಂದ ಮಂಡಿತನಕ ಕೈಯಾಡಿಸಿ ನೋಡಿ, ಇದೂ ಅದೇ ಕಾಲಾ ಅಂತ ಕೇಳಿದರು. ಹೌದಜ್ಜ, ಅದೇ ಕಾಲು ಅಂದೆ. ಆಮೇಲೆ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

ಸಂಪಾದಕರೇ, ಇಂಥ ಗೂಟಗಳು ಎಷ್ಟು ಮನೆಯಲ್ಲಿವೆಯೋ. ಅಜ್ಜನಿಗೆ ಬೇಕಾಗಿದ್ದು ಇನ್ನೊಂದು ಹೊಸ ಕಾಲಲ್ಲ. ಒಂದು ತಿಂಗಳಾದ ಮೇಲೆ ಯಾರಾದರೂ ಬಂದು ಎಲ್ಲಿ ಒತ್ತುತ್ತೆ ಅಂತ ನೋಡಿ ಸಾಕೆಟ್ ಸ್ವಲ್ಪ ಕೆರೆದು ಕೊಟ್ಟು, ನಾಲ್ಕು ಜೊತೆ ಕಾಲ್ಚೀಲ ಕೊಟ್ಟು, ಎರಡು ವಾರ ನಿಲ್ಲೋದು ನಡೆಯೋದು ಕಲಿಸಿದ್ದರೆ ಸಾಕಿತ್ತು. ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ ಒತ್ತಿದ್ದೇ ಗೊತ್ತಾಗಲ್ಲ, ದಿನಾ ರಾತ್ರಿ ಕನ್ನಡಿ ಹಿಡಿದು ಮೊಂಡುಗಾಲು ನೋಡಿಕೋಬೇಕು, ಉಳಿದಿರೋ ಕಾಲನ್ನೂ ನೋಡಿಕೋಬೇಕು. ಅಜ್ಜನಿಗೆ ಇದ್ಯಾವುದನ್ನೂ ಯಾರೂ ಹೇಳಿಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಪುನರ್ವಸತಿ ಸೇವೆ ಕೊಡೋದು ಸರ್ಕಾರಗಳ ಕೆಲಸ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ನಮ್ಮ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಅಂದರೆ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ. ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಭಾಗ್ಯ ಅದು. ಆದರೆ ಅಜ್ಜನ ಮನೆಯಲ್ಲಿ ಅದರ ಹೆಸರು ಯಾರೂ ಕೇಳಿರಲಿಲ್ಲ. ಅಂಗವಿಕಲರಿಗೆ ಅಂತಲೇ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಅನ್ನೋ ಪುನರ್ವಸತಿ ಕಾರ್ಯಕರ್ತರನ್ನು ಇಟ್ಟಿದ್ದಾರೆ. ಅವರಿಗೆ ಕಡಿಮೆ ಗೌರವಧನ, ಜಾಸ್ತಿ ಕೆಲಸ ಅನ್ನೋದು ನನಗೆ ಗೊತ್ತು. ಆದರೂ ಕಾಲು ಪಡೆದವರ ಪಟ್ಟಿ ಅವರ ಕೈಗೆ ಕೊಟ್ಟು, ಇವರು ಕಾಲು ಹಾಕ್ತಿದ್ದಾರಾ, ಗೂಟಕ್ಕೆ ಹಾಕಿದ್ದಾರಾ ಅಂತ ಒಂದು ಸಲ ನೋಡಿ ಬನ್ನಿ ಅಂದರೆ ಅದಕ್ಕೇನು ದೊಡ್ಡ ಖರ್ಚು ಬರಲ್ಲ. ಹಾಕದವರನ್ನು ದಾವಣಗೆರೆಗೆ ಕರೆತರೋ ವ್ಯವಸ್ಥೆ ಮಾಡಿದರೆ ಆಯ್ತು.

ಶಿಬಿರ ಮಾಡೋ ದಾನಿಗಳಲ್ಲೂ ಒಂದು ಕೋರಿಕೆ. ಐವತ್ತು ಕಾಲು ಕೊಡೋ ಜಾಗದಲ್ಲಿ ನಲವತ್ತು ಕೊಡಿ, ಉಳಿದ ದುಡ್ಡಲ್ಲಿ ಅದೇ ಊರಿಗೆ ಒಂದು ತಿಂಗಳಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ ಅದೇ ಟೆಕ್ನಿಷಿಯನ್ ಮತ್ತು ಒಬ್ಬ ಫಿಸಿಯೋಥೆರಪಿಸ್ಟನ್ನು ಮತ್ತೆ ಕಳಿಸಿ. ಹತ್ತು ಜನಕ್ಕೆ ಸಿಗಲಿಲ್ಲ ಅಂತ ಬೇಜಾರಾಗುತ್ತೆ ನಿಜ, ಆದರೆ ಆ ನಲವತ್ತು ಜನ ನಡೀತಾರೆ. ಆಸ್ಪತ್ರೆಯವರಲ್ಲೂ ಕೇಳಿಕೊಳ್ಳೋದು ಇಷ್ಟೇ, ಕಾಲು ತೆಗೆದವರನ್ನು ಮನೆಗೆ ಕಳಿಸೋ ಮುಂಚೆ ಫಿಸಿಯೋಥೆರಪಿ ವಿಭಾಗಕ್ಕೆ ಒಂದು ಸಲ ಕಳಿಸಿ, ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಿ. ದಿಂಬಿನ ವಿಷಯ ಅದರಲ್ಲಿ ಮೊದಲ ಸಾಲಲ್ಲೇ ಇರಲಿ.

ನಿಮ್ಮಲ್ಲಿ ಕೇಳೋದೂ ಒಂದಿದೆ. ಕಳೆದ ವಾರ ಹಾಕಿದ ಫೋಟೊ ಎತ್ತಿಡಿ. ಆರು ತಿಂಗಳಾದ ಮೇಲೆ ನಿಮ್ಮ ವರದಿಗಾರರನ್ನು ಅದೇ ಜನರ ಮನೆಗೆ ಕಳಿಸಿ. ನಿಂತವರ, ನಡೆದವರ ಫೋಟೊ ಹಾಕಿ. ನಡೆಯದವರದ್ದೂ ಹಾಕಿ, ಯಾಕೆ ಅಂತ ಬರೆಯಿರಿ. ಆ ಸುದ್ದಿ ನೋಡಿದರೆ ಮುಂದಿನ ಶಿಬಿರ ಮಾಡುವವರು ತಾವಾಗೇ ಬದಲಾಯಿಸಿಕೊಳ್ತಾರೆ ಅನ್ನೋ ನಂಬಿಕೆ ನನಗಿದೆ.

ಬರೋ ಸೋಮವಾರ ಅಜ್ಜ ದಾವಣಗೆರೆಗೆ ಬರ್ತಿದ್ದಾರೆ. ಮೊಮ್ಮಗ ಜೊತೆಗೆ ಬರ್ತಾನೆ, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಹೋಗ್ತೀನಿ. ಕಾಲನ್ನು ಗೂಟದಿಂದ ಇಳಿಸಿ, ಒರೆಸಿ, ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತ ಫೋನಲ್ಲಿ ಹೇಳಿದೆ. ಎರಡು ವರ್ಷದಿಂದ ಅವರು ಒಂದೇ ಚಪ್ಪಲಿ ಹಾಕ್ತಿದ್ದಾರೆ, ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ ಅಂದರು. ಹುಡುಕಿಸಿ ಅಜ್ಜ, ಸಿಗದಿದ್ದರೆ ದಾರಿಯಲ್ಲಿ ಹೊಸ ಜೊತೆ ತಗೊಳ್ಳೋಣ, ಎರಡೂ ಬೇಕು ಅಂದೆ.

ಇಂತಿ,
ಒಬ್ಬ ಟೈಲರ್, ದಾವಣಗೆರೆ